ಬಲಿಪೀಠದ ಮುಂದೆ ಮಕ್ಕಳ ಮಾತು

ಜನ್ನನ ‘ಯಶೋಧರ ಚರಿತೆ’ಯ (ಕ್ರಿ.ಶ. ೧೨೦೯) ವಿಮರ್ಶೆ ಬಹುಮಟ್ಟಿಗೆ ಅಮೃತಮತಿಯ ಪ್ರಣಯವನ್ನೇ ಕುರಿತದ್ದು. ಆ ಕಥೆಯನ್ನು ಹೇಳುವವನು ತಂಗಿಯೊಡನೆ ಬಲಿಗೆಂದು ಹಿಡಿದುತಂದ ಬಾಲಕನೆಂಬುದನ್ನು ನಾವು ಮರೆಯಲಾಗದು. ಮಾರಿದತ್ತನಿಗೆ ಅಭಯರುಚಿ, ಅಭಯಮತಿಯರು ಚಂಡಮಾರಿಗೆ ಸಲ್ಲತಕ್ಕ ಕಾಣಿಕೆ. ಅವನ ಕಣ್ಣಿಗೆ ಅದು ಹಿಂಸೆಯಲ್ಲ, ವಿಧಿ. ಬಾಲಕನಾದರೋ ಎರಡನ್ನೂ ಬಲ್ಲವನು: ಹಿಂದೆ ಯಶೋಧರನಾಗಿ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿದವನು, ಬಳಿಕ ಪಶುಪಕ್ಷಿಗಳಾಗಿ ಹುಟ್ಟಿ ಕೊಲೆಗೀಡಾದವನು. ದೊರೆ ಕಿವಿಗೊಟ್ಟನು, ಬಲಿ ನಿಂತಿತು.

ಆದರೂ ಒಂದು ಸಂದೇಹ ಉಳಿಯುತ್ತದೆ. ಜನ್ಮಾಂತರಗಳ ಅರಿವುಳ್ಳ ಈ ಬಾಲಕನು ಆಡುವುದು ಹಿರಿಯರ ಮಾತನ್ನೇ. ಆ ಅರಿವಿಲ್ಲದ ಮಗು ಬರಿಯ ಭಯದಿಂದ ಅತ್ತಿದ್ದರೆ ಮಾರಿದತ್ತನ ಮನಸ್ಸು ಕರಗುತ್ತಿತ್ತೆ? ಕವಿ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಓದುವ ನಾವು ಎತ್ತಲೇಬೇಕು. ಧರ್ಮವನ್ನು ಬೋಧಿಸಬಲ್ಲ ಮಗುವಿಗೆ ದೊರೆತ ಅಭಯ, ಅಳುವುದನ್ನು ಮಾತ್ರ ಬಲ್ಲ ಮಗುವಿಗೂ ಸಲ್ಲತಕ್ಕದ್ದು.