ಯಾದವಗಿರಿಯ ಕೂಸು, ಖಾರಘರದ ಮಳೆ

ನವಿ ಮುಂಬಯಿಯ ಖಾರಘರದ ಮಳೆಗೆ ಮೊದಲು ಸೋಲುವುದು ಹಳೆಯ ಬೈಕಿನ ಪಾಯಿಂಟು, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು. ನನ್ನ ಯೆಜ್ಡಿ ರೋಡ್‌ಕಿಂಗ್ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಇನ್ನು ನಮಗೆ ಗೆಳೆಯರೇ ಸರ್ವಿಸ್ ಸೆಂಟರ್.

ಮೊನ್ನೆ ಭಾನುವಾರ ಎಷ್ಟು ಕಿಕ್ ಹೊಡೆದರೂ ಗಾಡಿ ಉಸಿರೆತ್ತಲಿಲ್ಲ. ಪಕ್ಕದ ಸೆಕ್ಟರಿನ ಗೆಳೆಯ ಛತ್ರಿ ಹಿಡಿದು ಬಂದ. ಪ್ಲಗ್ ಬಿಚ್ಚಿ ನೋಡಿದ, ಮೂಸಿದ. ಒದ್ದೆ. ಪೆಟ್ರೋಲ್ ಬರುತ್ತಿದೆ, ಹಾಗಾದರೆ ಕರೆಂಟಿನದೇ ತಕರಾರು. ಎಂಜಿನ್ನಿನ ಬಲಗಡೆಯ ಕವರ್ ತೆಗೆದು, ಪಾಯಿಂಟಿನ ನಡುವೆ ಎಮೆರಿ ಪೇಪರಿನ ಚೂರು ಎಳೆದು, ಬಟ್ಟೆಯಿಂದ ಒರೆಸಿ, ಫೀಲರ್ ಗೇಜ್ ತೂರಿಸಿದ. ಪಟ್ಟಿ ಸಲೀಸಾಗಿ ಜಾರಲೂಬಾರದು, ಕಚ್ಚಿಕೊಳ್ಳಲೂಬಾರದು. ದೋಸೆಹಿಟ್ಟಿನ ಹದದಂತೆ ಅದು ಬೆರಳಿಗಷ್ಟೇ ಗೊತ್ತು. ಒಂದೇ ಕಿಕ್ಕಿಗೆ ಎರಡೂ ಸೈಲೆನ್ಸರ್ ನೀಲಿ ಹೊಗೆ ಉಗುಳಿದವು. (ಆ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಈಗಿನ ಹುಡುಗರು ಕಣ್ಣಾರೆ ಕಂಡರೂ ನಂಬುವುದಿಲ್ಲ.)

ಕೂಲಿ ಎಂದರೆ ಎರಡು ಕಟಿಂಗ್ ಚಹಾ. ನಾಳೆ ಅವನ ಕ್ಲಚ್ ಪ್ಲೇಟ್ ಸವೆದರೆ ನಾನು ಹೋಗಬೇಕು, ಅಷ್ಟೇ ಲೆಕ್ಕ. ಹೊಸ ಗಾಡಿ ಇದಕ್ಕಿಂತ ವೇಗವಾಗಿ ಓಡುತ್ತದೆ, ಒಪ್ಪಿದೆ. ಆದರೆ ಘಾಟಿಯಲ್ಲಿ ಕೆಟ್ಟು ನಿಂತರೆ ಒಂದು ಸ್ಕ್ರೂಡ್ರೈವರಿನಿಂದ ಎಬ್ಬಿಸಿಕೊಂಡು ಬರಲಾಗುವುದು ಇದನ್ನೇ.

ಊರಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ರೋಡ್‌ಕಿಂಗ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರ ಒಂದೊಂದು ಬೋಲ್ಟಿಗೂ ಇಲ್ಲಿ ಗಿರಾಕಿಗಳಿದ್ದೇವೆ.