ಮಾರ್ಕನಿಂದ ಶುರುಮಾಡಿ

ಡಿಸೆಂಬರ್ ಬಂತೆಂದರೆ ಮಂಗಳೂರಿನಿಂದ ಬೆಂಗಳೂರಿನವರೆಗೆ ಚರ್ಚುಗಳ ಅಂಗಳದಲ್ಲಿ, ಕ್ರೈಸ್ತರ ಮನೆಗಳಲ್ಲಿ ಗೋದಲಿಗಳು ಸಿದ್ಧವಾಗುತ್ತವೆ. ಹುಲ್ಲಿನ ಚಾವಣಿ, ನಡುವೆ ಮಗು, ಅಕ್ಕಪಕ್ಕ ಮರಿಯ ಮತ್ತು ಯೋಸೇಫ, ಒಂದು ಕಡೆ ಕುರಿ ಕಾಯುವವರು, ಇನ್ನೊಂದು ಕಡೆ ಒಂಟೆಯಿಂದ ಇಳಿದ ಮೂವರು ರಾಜರು, ಹಿಂದೆ ಒಂದು ಎತ್ತು, ಒಂದು ಕತ್ತೆ. ನೋಡಲು ಚೆಂದ. ಆದರೆ ಈ ಇಡೀ ದೃಶ್ಯ ಬೈಬಲಿನ ಯಾವ ಪುಟದಲ್ಲೂ ಸಿಗುವುದಿಲ್ಲ. ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ ಕುರುಬರು ಬರುವುದು ಲೂಕನದರಲ್ಲಿ. ಅಲ್ಲಿ ಮೂಡಣದ ಜ್ಯೋತಿಷಿಗಳ ಸುಳಿವೇ ಇಲ್ಲ. ಜ್ಯೋತಿಷಿಗಳು ಬರುವುದು ಮತ್ತಾಯನಲ್ಲಿ. ಅಲ್ಲಿ ಕುರುಬರೂ ಇಲ್ಲ, ಗೋದಲಿಯೂ ಇಲ್ಲ, ಅವರು ಮಗುವನ್ನು ಕಾಣುವುದು ಒಂದು ಮನೆಯೊಳಗೆ. ಮತ್ತಾಯ ಅವರನ್ನು ರಾಜರೆಂದು ಕರೆದಿಲ್ಲ, ಮೂವರೆಂದು ಎಣಿಸಿಯೂ ಇಲ್ಲ. ಅವನು ಹೇಳಿದ್ದು ಮೂರು ಬಗೆಯ ಕಾಣಿಕೆಯ ಮಾತು ಮಾತ್ರ. ಎತ್ತು, ಕತ್ತೆ ಇಬ್ಬರಲ್ಲೂ ಇಲ್ಲ. ಮಾರ್ಕ ಮತ್ತು ಯೋಹಾನರಂತೂ ಜನನದ ಕಥೆಗೇ ಕೈಹಾಕಿಲ್ಲ.

ನಾಲ್ಕು ಪುಸ್ತಕಗಳನ್ನು ಹೀಗೆ ಕಲಸಿ ಒಂದು ಮಾಡಿಕೊಳ್ಳುವುದು ಹಬ್ಬಕ್ಕೆ ಸರಿ. ಓದಿಗೆ ಸರಿಯಲ್ಲ. ಪ್ರೊಟೆಸ್ಟಂಟರು ಸುವಾರ್ತೆ ಎಂದೂ ಕಥೋಲಿಕರು ಶುಭಸಂದೇಶ ಎಂದೂ ಕರೆಯುವ ಈ ನಾಲ್ಕು ಕಿರುಹೊತ್ತಗೆಗಳ ಸೊಗಸು ಇರುವುದೇ ಅವು ಬೇರೆ ಬೇರೆಯಾಗಿರುವುದರಲ್ಲಿ. ಒಬ್ಬನೇ ಮನುಷ್ಯನ ಬದುಕನ್ನು ನಾಲ್ವರು ಹೇಳಹೊರಟಾಗ ಯಾರು ಏನನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು, ಎಲ್ಲಿ ಮುಜುಗರಪಟ್ಟರು ಎಂದು ನೋಡುತ್ತಾ ಹೋಗುವುದು ಓದುಗನಿಗೆ ಸಿಗುವ ದೊಡ್ಡ ಸುಖಗಳಲ್ಲಿ ಒಂದು. ಅದಕ್ಕೆ ಕ್ರೈಸ್ತನಾಗಿರಬೇಕೆಂದಿಲ್ಲ. ಗ್ರೀಕ್ ಬರಬೇಕೆಂದೂ ಇಲ್ಲ.

ನಾಲ್ಕೂ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಯೇಸು ಆಡುತ್ತಿದ್ದುದು ಅರಮಾಯಿಕ್. ಅವನು ಶಿಲುಬೆಗೇರಿದ್ದು ಕ್ರಿ.ಶ. 30ರ ಆಸುಪಾಸು, ಮಾರ್ಕನ ಪುಸ್ತಕ ಸಿದ್ಧವಾದದ್ದು ಸುಮಾರು 70ರಲ್ಲಿ, ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಕಾಲಕ್ಕೆ ಎಂದು ಬಹುಪಾಲು ವಿದ್ವಾಂಸರ ಅಂದಾಜು. ಮತ್ತಾಯ, ಲೂಕ ಅದರ ಹತ್ತಿಪ್ಪತ್ತು ವರ್ಷಗಳ ಆಚೆಗೆ. ಯೋಹಾನ ಶತಮಾನದ ಕೊನೆಗೆ. ಬರೆದವರು ಪುಸ್ತಕದೊಳಗೆ ತಮ್ಮ ಹೆಸರು ಹಾಕಿಕೊಂಡಿಲ್ಲ, ಈ ಹೆಸರುಗಳು ಆಮೇಲೆ ಅಂಟಿಕೊಂಡವು. ಎರಡನೇ ಶತಮಾನದ ಪಾಪಿಯಾಸ್ ಎಂಬ ಬಿಷಪ್, ಮಾರ್ಕ ಎಂಬಾತ ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದ, ಪೇತ್ರ ನೆನಪಿಸಿಕೊಂಡದ್ದನ್ನು ಕ್ರಮವಾಗಿ ಅಲ್ಲದಿದ್ದರೂ ತಪ್ಪಿಲ್ಲದಂತೆ ಬರೆದಿಟ್ಟ ಎಂದಿದ್ದಾನೆ. ಆ ಬಿಷಪ್ಪನ ಪುಸ್ತಕವೂ ಕಳೆದುಹೋಗಿದೆ. ನಾಲ್ಕನೇ ಶತಮಾನದ ಚರಿತ್ರೆಕಾರ ಯುಸೇಬಿಯಸ್ ಮೊದಲಾದವರು ಎತ್ತಿಕೊಟ್ಟ ಚೂರುಗಳಷ್ಟೇ ನಮಗೆ ಉಳಿದಿವೆ.

ಈ ನಾಲ್ಕರಿಂದ ಶುರುವಾಗುವ ಹೊಸ ಒಡಂಬಡಿಕೆಯನ್ನು ಕುತೂಹಲದಿಂದ ಕೈಗೆತ್ತಿಕೊಂಡು ಮೊದಲ ಪುಟದಲ್ಲೇ ಕೆಳಗಿಟ್ಟವರು ಎಷ್ಟೋ ಮಂದಿ. ಕಾರಣ ಮತ್ತಾಯನ ವಂಶಾವಳಿ. ಅಬ್ರಹಾಮನಿಂದ ಹಿಡಿದು ಹದಿನಾಲ್ಕರಂತೆ ಮೂರು ಕಟ್ಟುಗಳಲ್ಲಿ ಹೆಸರುಗಳ ಸಾಲು ಸಾಲು. (ಆ ಪಟ್ಟಿಯಲ್ಲಿ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂಬ ನಾಲ್ವರು ಹೆಂಗಸರು, ಒಬ್ಬೊಬ್ಬರದೂ ಒಂದೊಂದು ಸಂಕಟದ ಕಥೆ, ಯಾಕೆ ನುಸುಳಿದ್ದಾರೆ ಎಂಬುದು ಸ್ವಾರಸ್ಯದ ಪ್ರಶ್ನೆ. ಆದರೆ ಅದು ಎರಡನೇ ಓದಿಗೆ.) ಪುಸ್ತಕದಲ್ಲಿ ಮೊದಲು ಇದೆ ಎಂದ ಮಾತ್ರಕ್ಕೆ ಮೊದಲು ಓದಬೇಕಿಲ್ಲ. ಶುರುಮಾಡಬೇಕಾದದ್ದು ಎರಡನೆಯದರಿಂದ, ಮಾರ್ಕನಿಂದ.

ಹದಿನಾರೇ ಅಧ್ಯಾಯ. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಅಲೆಕ್ ಮೆಕ್ಕೊವೆನ್ ಎಂಬ ಇಂಗ್ಲಿಷ್ ನಟ 1978ರಲ್ಲಿ ಇಡೀ ಮಾರ್ಕನನ್ನು ಬಾಯಿಪಾಠ ಮಾಡಿ, ಬರಿಯ ಮೇಜು ಕುರ್ಚಿ ಇಟ್ಟುಕೊಂಡು ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಏಕವ್ಯಕ್ತಿ ಪ್ರದರ್ಶನ ಕೊಟ್ಟ; ಜನ ಟಿಕೆಟ್ ಕೊಂಡು ಬಂದು ಕೇಳಿದರು. ಅಷ್ಟು ಓಟ ಆ ಬರಹಕ್ಕಿದೆ. ಬಾಲ್ಯವಿಲ್ಲ, ಪೀಠಿಕೆಯಿಲ್ಲ, ಯೊರ್ದನ್ ನದಿಯ ದಡಕ್ಕೆ ಬೆಳೆದ ಯೇಸು ನೇರವಾಗಿ ಬಂದು ನಿಲ್ಲುತ್ತಾನೆ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ದೀಕ್ಷಾಸ್ನಾನ, ಅಡವಿಯ ನಲವತ್ತು ದಿನ, ಬಲೆ ಬಿಟ್ಟು ಹಿಂಬಾಲಿಸಿದ ನಾಲ್ವರು ಬೆಸ್ತರು, ಕಪೆರ್ನೌಮಿನ ಸಭಾಮಂದಿರದಲ್ಲಿ ದೆವ್ವ ಹಿಡಿದವನ ಕೂಗಾಟ, ಪೇತ್ರನ ಅತ್ತೆಯ ಜ್ವರ, ಒಬ್ಬ ಕುಷ್ಠರೋಗಿ ಎಲ್ಲ ಆಗಿಹೋಗಿರುತ್ತದೆ. ‘ಆ ಕೂಡಲೇ’ ಎಂಬುದು ಮಾರ್ಕನಿಗೆ ಚಟ; ನಲವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಗ್ರೀಕ್ ಪಂಡಿತರಿಗೆ ಅವನ ಶೈಲಿ ಒರಟು. ಆ ಒರಟುತನದಲ್ಲೇ ಕಣ್ಣಾರೆ ಕಂಡಂಥ ವಿವರಗಳು ಸಿಕ್ಕಿಕೊಂಡಿವೆ.

ಒಂದನ್ನು ಹತ್ತಿರದಿಂದ ನೋಡಬಹುದು. ಗಲಿಲಾಯ ಸರೋವರದಲ್ಲಿ ಸಂಜೆಯ ಹೊತ್ತು ಬಿರುಗಾಳಿ ಎದ್ದಿದೆ, ದೋಣಿಗೆ ನೀರು ನುಗ್ಗುತ್ತಿದೆ. ಯೇಸು ಹಿಂಬದಿಯಲ್ಲಿ ನಿದ್ದೆ ಹೋಗಿದ್ದಾನೆ, ತಲೆಯ ಕೆಳಗೆ ಒಂದು ದಿಂಬು. ಶಿಷ್ಯರು ಅವನನ್ನು ಎಬ್ಬಿಸಿ ಹೆಚ್ಚುಕಡಿಮೆ ರೇಗುತ್ತಾರೆ: ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂಬ ಅರ್ಥದ ಮಾತು. ಇದೇ ಪ್ರಸಂಗ ಮತ್ತಾಯನಲ್ಲಿ, ಲೂಕನಲ್ಲಿ ಇದೆ. ಇಬ್ಬರಲ್ಲೂ ದಿಂಬು ಮಾಯ. ಶಿಷ್ಯರ ಸಿಟ್ಟೂ ಮಾಯ. ಮತ್ತಾಯನಲ್ಲಿ ಅದು ಕಾಪಾಡು ಸ್ವಾಮಿ ಎಂಬ ಪ್ರಾರ್ಥನೆಯಾಗಿದೆ. ಅಂಥ ದೋಣಿ ಹೇಗಿರುತ್ತಿತ್ತೆಂದು ಈಗ ಕಣ್ಣಿಂದಲೇ ನೋಡಬಹುದು. 1986ರಲ್ಲಿ ಬರ ಬಂದು ಸರೋವರದ ನೀರು ಇಳಿದಾಗ ಗಿನೋಸಾರ್ ಬಳಿಯ ಕೆಸರಿನಲ್ಲಿ ಅದೇ ಕಾಲದ ಮೀನುಗಾರರ ದೋಣಿಯೊಂದು ಇಬ್ಬರು ಅಣ್ಣತಮ್ಮಂದಿರ ಕಣ್ಣಿಗೆ ಬಿತ್ತು. ಉದ್ದ ಎಂಟು ಮೀಟರಿಗೆ ಸ್ವಲ್ಪ ಹೆಚ್ಚು. ಯೇಸುವಿಗೂ ಆ ದೋಣಿಗೂ ಸಂಬಂಧವಿದೆ ಎನ್ನಲು ಆಧಾರವಿಲ್ಲ. ಆದರೆ ಹತ್ತಾರು ಜನ ಕೂತರೆ ತುಂಬಿಹೋಗುವ ಆ ಮರದ ಒಡಲನ್ನು ನೋಡಿದವರಿಗೆ ಬಿರುಗಾಳಿಯ ಭಯ ಅರ್ಥವಾಗುತ್ತದೆ.

ಇನ್ನೊಂದು, ಪಾರ್ಶ್ವವಾಯು ಬಡಿದವನ ಕಥೆ. ಮನೆಯ ತುಂಬ ಜನ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ರೋಗಿಯನ್ನು ಹೊತ್ತು ತಂದ ನಾಲ್ವರು ಮೇಲೆ ಹತ್ತಿ, ಮಾಳಿಗೆಯನ್ನು ಅಗೆದು, ತೂತಿನಿಂದ ಅವನನ್ನು ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಬಿಡುತ್ತಾರೆ. ಬಾಗಲಕೋಟೆ, ವಿಜಯಪುರದ ಕಡೆ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರಿಗೆ ‘ಅಗೆದು’ ಎಂಬುದನ್ನು ವಿವರಿಸಿ ಹೇಳಬೇಕಿಲ್ಲ. ಲೂಕನಿಗೆ, ಅಥವಾ ಅವನ ಓದುಗರಿಗೆ, ಇಂಥ ಮನೆ ಗೊತ್ತಿರಲಿಲ್ಲವೋ ಏನೋ. ಅವನ ಬರಹದಲ್ಲಿ ಹೆಂಚು ತೆಗೆದು ಇಳಿಸುತ್ತಾರೆ. ಮತ್ತಾಯ ಮಾಳಿಗೆಯ ಗೊಡವೆಗೇ ಹೋಗಿಲ್ಲ. ರೋಗಿಯನ್ನು ತಂದರು, ವಾಸಿಯಾಯಿತು.

ಮತ್ತಾಯ, ಲೂಕ ಇಬ್ಬರೂ ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದರು ಎಂದು ವಿದ್ವಾಂಸರು ನಂಬುವುದು ಇಂಥ ಕಡೆಗಳಿಂದಲೇ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟು ಯಾವುದಾದರೂ ರೂಪದಲ್ಲಿ ಮತ್ತಾಯನಲ್ಲಿ ಸಿಗುತ್ತವೆ. ಹದಿನೆಂಟನೇ ಶತಮಾನದ ಕೊನೆಗೆ ಗ್ರೀಸ್‌ಬಾಖ್ ಎಂಬ ಜರ್ಮನ್ ಪಂಡಿತ ಮೂರನ್ನೂ ಪಕ್ಕಪಕ್ಕದ ಅಂಕಣಗಳಲ್ಲಿ ಅಚ್ಚುಹಾಕಿಸಿದ ಮೇಲೆ ಈ ಹೋಲಿಕೆ ಒಂದು ಶಾಸ್ತ್ರವೇ ಆಯಿತು. (ಗ್ರೀಸ್‌ಬಾಖ್‌ನ ಸ್ವಂತ ತೀರ್ಮಾನ ತಲೆಕೆಳಗು: ಮಾರ್ಕನೇ ಉಳಿದಿಬ್ಬರನ್ನು ಸಂಕ್ಷೇಪಿಸಿದ ಎಂದು.) ಮಾರ್ಕನಲ್ಲಿಲ್ಲದ, ಮತ್ತಾಯ–ಲೂಕರಲ್ಲಿ ಮಾತ್ರ ಒಂದೇ ರೀತಿ ಬರುವ ಇನ್ನೂರಕ್ಕೂ ಹೆಚ್ಚು ವಚನಗಳಿವೆ. ಅವಕ್ಕೆ ಇನ್ನೊಂದು ಮೂಲ ಇದ್ದಿರಬೇಕೆಂದು ಊಹಿಸಿ ಅದಕ್ಕೆ ‘ಕ್ಯೂ’ ಎಂದು ಹೆಸರಿಟ್ಟಿದ್ದಾರೆ. ಅದರ ಒಂದು ಹಾಳೆಯೂ ಯಾರ ಕೈಗೂ ಸಿಕ್ಕಿಲ್ಲ.

ತಿದ್ದುಪಡಿಗಳಲ್ಲಿ ಅತಿ ಮೋಜಿನದು ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆಯಲ್ಲಿದೆ. ಅವಳು ಎಷ್ಟೋ ವೈದ್ಯರ ಕೈಯಲ್ಲಿ ಪಾಡುಪಟ್ಟು, ಇದ್ದದ್ದೆಲ್ಲ ಸುರಿದು, ಗುಣ ಕಾಣುವ ಬದಲು ಇನ್ನಷ್ಟು ಹದಗೆಟ್ಟಳು ಎಂದು ಮಾರ್ಕ ಮುಲಾಜಿಲ್ಲದೆ ಬರೆಯುತ್ತಾನೆ. ಲೂಕನಲ್ಲಿ ಅದು ಮೆತ್ತಗಾಗಿದೆ: ಅವಳ ರೋಗವನ್ನು ಯಾರಿಂದಲೂ ವಾಸಿಮಾಡಲಾಗಲಿಲ್ಲ, ಅಷ್ಟೆ. ಪರಂಪರೆಯ ಪ್ರಕಾರ ಲೂಕ ಸ್ವತಃ ವೈದ್ಯ!

ಕೆಲವು ತಿದ್ದುಪಡಿಗಳು ಇನ್ನೂ ಗಂಭೀರ. ಯೇಸುವಿಗೆ ಬುದ್ಧಿ ಕೆಟ್ಟಿದೆ ಎಂದು ಅವನ ಮನೆಯವರೇ ಹಿಡಿದು ತರಲು ಹೊರಟರು ಎಂದು ಮಾರ್ಕ ಹೇಳುತ್ತಾನೆ. ಉಳಿದಿಬ್ಬರೂ ಆ ಸಾಲನ್ನು ತೆಗೆದರು. ಹುಟ್ಟಿ ಬೆಳೆದ ಊರಿನಲ್ಲಿ ಯೇಸುವಿನಿಂದ ಹೆಚ್ಚಿನ ಪವಾಡ ಮಾಡಲು ಆಗಲಿಲ್ಲ ಎನ್ನುತ್ತಾನೆ ಮಾರ್ಕ. ಮಾಡಲಿಲ್ಲ ಎನ್ನುತ್ತಾನೆ ಮತ್ತಾಯ.

ಹಾಗೆಂದು ಮತ್ತಾಯ, ಲೂಕರು ಬರೀ ನಕಲುಗಾರರಲ್ಲ. ಬೆಟ್ಟದ ಮೇಲಿನ ಪ್ರಸಂಗವನ್ನು ಮೂರು ಅಧ್ಯಾಯಗಳ ಕಟ್ಟಡವಾಗಿ ನಿಲ್ಲಿಸಿದವನು ಮತ್ತಾಯ. ಗಾಂಧೀಜಿಯ ಮನಸ್ಸಿಗೆ ಹತ್ತಿದ್ದು ಆ ಭಾಗವೇ. ಲೂಕನಲ್ಲಿ ಅದರ ಚಿಕ್ಕ ರೂಪವೊಂದು ಸಮತಟ್ಟಾದ ನೆಲದ ಮೇಲೆ ನಡೆಯುತ್ತದೆ, ಬಡವರನ್ನು ಹರಸಿದ ಬೆನ್ನಿಗೇ ಉಳ್ಳವರಿಗೆ ಎಚ್ಚರಿಕೆಯೂ ಇದೆ. ಕಥೆಗಾರನೆಂದರೆ ಲೂಕನೇ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನೂ, ಆಸ್ತಿ ಕರಗಿಸಿ ಹಂದಿ ಕಾಯಲು ನಿಂತ ಕಿರಿಮಗನೂ ಅವನಲ್ಲಿ ಮಾತ್ರ ಸಿಗುತ್ತಾರೆ. ಆ ಎರಡನೇ ಕಥೆಯಲ್ಲಿ ಅಪ್ಪ ಓಡಿಬಂದು ತಬ್ಬಿಕೊಳ್ಳುವುದನ್ನು ಎಲ್ಲರೂ ನೆನಪಿಡುತ್ತಾರೆ. ಹೊಲದಿಂದ ಬಂದು, ಒಳಗೆ ಬರಲು ಒಲ್ಲೆನೆಂದು ಬಾಗಿಲಾಚೆ ನಿಂತ ಹಿರಿಮಗನನ್ನು ಮರೆಯುತ್ತಾರೆ. ಅವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಲೂಕ ಹೇಳುವುದೇ ಇಲ್ಲ.

ಯೋಹಾನನದು ಬೇರೆಯೇ ಲೋಕ. ಸಾಮ್ಯಗಳೆಂಬ ದೃಷ್ಟಾಂತ ಕಥೆಗಳ ಜಾಗದಲ್ಲಿ ದೀರ್ಘ ಸಂಭಾಷಣೆಗಳು: ರಾತ್ರಿ ಕದ್ದು ಬಂದ ನಿಕೊದೇಮ, ನಡುಮಧ್ಯಾಹ್ನ ಬಾವಿಗೆ ನೀರಿಗೆ ಬಂದ ಸಮಾರ್ಯದ ಹೆಂಗಸು. ಮೊದಲ ಓದಿಗೆ ಭಾರ ಎನಿಸಬಹುದು, ಆದರೆ ಕಟ್ಟುವ ಜಾಣ್ಮೆ ಅಪಾರ. ಮಹಾಯಾಜಕನ ಅಂಗಳದಲ್ಲಿ ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಪೇತ್ರ ತನ್ನ ಗುರುವನ್ನು ಅರಿಯೆನೆನ್ನುತ್ತಾನೆ, ಒಟ್ಟು ಮೂರು ಸಲ. ಕೊನೆಯ ಅಧ್ಯಾಯದಲ್ಲಿ, ಬೆಳಗಿನ ಜಾವ ಕೆರೆಯ ದಂಡೆಯ ಮೇಲೆ ಮತ್ತೆ ಕೆಂಡ, ಅದರ ಮೇಲೆ ಮೀನು. ಸಾವಿನಿಂದ ಎದ್ದುಬಂದ ಯೇಸು ಅದೇ ಪೇತ್ರನಿಗೆ ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುತ್ತಾನೆ. ಎರಡು ಕೆಂಡಗಳನ್ನು ಯೋಹಾನ ಎಲ್ಲೂ ಬೆರಳಿಟ್ಟು ತೋರಿಸುವುದಿಲ್ಲ. ಆ ದಿನ ಬಲೆಗೆ ಬಿದ್ದ ಮೀನು 153 ಎಂದು ಮಾತ್ರ ಲೆಕ್ಕ ಕೊಡುತ್ತಾನೆ. ಆ ಸಂಖ್ಯೆಯ ಗುಟ್ಟು ಬಿಡಿಸಲು ಪಂಡಿತರು ಶತಮಾನಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಇದುವರೆಗೆ ಸಿಕ್ಕ ಸುವಾರ್ತೆಯ ತುಣುಕುಗಳಲ್ಲಿ ಅತಿ ಹಳೆಯದೆಂದು ಹೆಸರಾದದ್ದೂ ಯೋಹಾನನದೇ: ಮ್ಯಾಂಚೆಸ್ಟರಿನ ಜಾನ್ ರೈಲಾಂಡ್ಸ್ ಗ್ರಂಥಾಲಯದಲ್ಲಿರುವ, ಅಂಗೈಗಿಂತ ಚಿಕ್ಕದಾದ ಒಂದು ಪಪೈರಸ್ ಚೂರು. ಬಹುಶಃ ಎರಡನೇ ಶತಮಾನದ್ದು. ಎರಡೂ ಬದಿಯಲ್ಲಿ ರೋಮನ್ ಅಧಿಪತಿ ಪಿಲಾತ ಯೇಸುವನ್ನು ವಿಚಾರಣೆ ಮಾಡುವ ಸಾಲುಗಳಿವೆ.

ನಾಲ್ವರೂ ಒಪ್ಪದ ಕಡೆಗಳು ಸಣ್ಣವಲ್ಲ. ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದು ಮೂವರಲ್ಲಿ ಕೊನೆಯ ವಾರ, ಯೋಹಾನನಲ್ಲಿ ಎರಡನೇ ಅಧ್ಯಾಯದಲ್ಲೇ. ಕಡೆಯ ಭೋಜನ ಮೂವರಲ್ಲಿ ಯೆಹೂದ್ಯರ ಪಸ್ಕಹಬ್ಬದ ಊಟ. ಯೋಹಾನನ ಪ್ರಕಾರ ಹಬ್ಬದೂಟಕ್ಕೆ ಮೊದಲೇ ಯೇಸು ಶಿಲುಬೆಯ ಮೇಲಿದ್ದ. ಗುಡ್ ಫ್ರೈಡೆಯಂದು ಚರ್ಚುಗಳಲ್ಲಿ ಧ್ಯಾನಿಸುವ ಶಿಲುಬೆಯ ಏಳು ನುಡಿಗಳು ಯಾರೊಬ್ಬರಲ್ಲೂ ಏಳಾಗಿ ಇಲ್ಲ. ಮಾರ್ಕ, ಮತ್ತಾಯರಲ್ಲಿರುವುದು ಒಂದೇ, ಕೈಬಿಟ್ಟೆಯಾ ಎಂದು ದೇವರನ್ನು ಕೇಳುವ ಕೂಗು; ಲೂಕನವು ಮೂರು, ಯೋಹಾನನವು ಬೇರೆ ಮೂರು.

ಈ ಗೋಜಲನ್ನು ಬಿಡಿಸಲು ಹೊರಟವರೂ ಉಂಟು. ಸುಮಾರು 170ರಲ್ಲಿ ತಾತಿಯಾನ್ ಎಂಬ ಸಿರಿಯಾದ ವಿದ್ವಾಂಸ ನಾಲ್ಕನ್ನೂ ಹೊಸೆದು ಒಂದೇ ಕಥನ ಮಾಡಿದ. ಸಿರಿಯಾದ ಚರ್ಚುಗಳು ತಲೆಮಾರುಗಟ್ಟಲೆ ಅದನ್ನೇ ಓದಿದವು. ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಸೀಮೆಯಿಂದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಹೊರಹಾಕಿಸಿ, ಅವುಗಳ ಜಾಗದಲ್ಲಿ ಬೇರೆ ಬೇರೆಯಾದ ನಾಲ್ಕನ್ನು ಇಡಿಸಿದ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ನದು ಇನ್ನೊಂದು ಬಗೆ. 1820ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, ಅಚ್ಚಾದ ಪ್ರತಿಗಳನ್ನು ಕತ್ತರಿಸಿ ಪವಾಡಗಳನ್ನು ಬಿಟ್ಟು ಬದುಕು, ಬೋಧನೆಗಳನ್ನು ಮಾತ್ರ ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ನಾಲ್ಕು ಅಂಕಣಗಳಲ್ಲಿ ಅಂಟಿಸಿಕೊಂಡ. ಅವನ ಪುಸ್ತಕ ಸಮಾಧಿಗೆ ಕಲ್ಲು ಉರುಳಿಸುವಲ್ಲಿಗೆ ಮುಗಿಯುತ್ತದೆ. ಕವಿಗಳ ಮಾತು ಬೇರೆ. ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ವಸ್ತುವಾಗಿಸಿಕೊಂಡ ಮಂಜೇಶ್ವರದ ಗೋವಿಂದ ಪೈಯವರಂಥವರಿಗೆ ಆಯ್ದುಕೊಂಡು ಕಟ್ಟುವ ಹಕ್ಕಿದೆ. ಓದುಗನಿಗೆ ಆ ಅವಸರ ಬೇಡ.

ಮಾರ್ಕನನ್ನು ಮೊದಲು ಓದಬೇಕೆನ್ನಲು ಇನ್ನೂ ಒಂದು ಕಾರಣ ಅವನ ಕೊನೆ. ನಾಲ್ಕನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಎಂಬ ಎರಡು ಮಹಾ ಹಸ್ತಪ್ರತಿಗಳಲ್ಲಿ ಅವನ ಪುಸ್ತಕ ಹದಿನಾರನೇ ಅಧ್ಯಾಯದ ಎಂಟನೇ ವಚನಕ್ಕೆ ನಿಂತುಬಿಡುತ್ತದೆ: ಸಮಾಧಿ ಬರಿದಾಗಿದ್ದನ್ನು ಕಂಡ ಹೆಂಗಸರು ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಎದ್ದುಬಂದ ಯೇಸುವಿನ ದರ್ಶನವೇ ಇಲ್ಲ. ಹಿಂದಿನವರಿಗೂ ಇದನ್ನು ಸಹಿಸಲಾಗಲಿಲ್ಲ. ಯಾರೋ ಒಬ್ಬರು ಚಿಕ್ಕದೊಂದು ಮುಕ್ತಾಯ ಹಚ್ಚಿದರು, ಇನ್ನೊಬ್ಬರು ಹನ್ನೆರಡು ವಚನಗಳ ದೊಡ್ಡದೊಂದನ್ನು. ಈಗ ಬೈಬಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಆ ದೊಡ್ಡದು. ಮೊದಲ ಸಲ ಓದುವವರು ಎಂಟನೇ ವಚನದಲ್ಲಿ ಪುಸ್ತಕ ಮುಚ್ಚಿ, ಒಂದೆರಡು ದಿನ ಬಿಟ್ಟು ಲೂಕನನ್ನು ತೆಗೆಯುವುದು ಒಳ್ಳೆಯದು. ಆಮೇಲೆ ಯೋಹಾನ. ಮತ್ತಾಯನನ್ನು ಕೊನೆಗಿಟ್ಟುಕೊಂಡರೆ ಆ ವಂಶಾವಳಿಯ ನಾಲ್ವರು ಹೆಂಗಸರಿಗಾಗಿ ಹಳೆ ಒಡಂಬಡಿಕೆಯ ಪುಟಗಳನ್ನೂ ತಿರುವಬೇಕಾಗುತ್ತದೆ. ತಾಮಾರಳ ಕಥೆ ಆದಿಕಾಂಡದ 38ನೇ ಅಧ್ಯಾಯದಲ್ಲಿದೆ.