ಬಿರುಕಿನ ಕೀರ್ತಿಯೂ ಸಾಣೆಯ ಕೆಲಸವೂ

ಚೀನದ ಏಳು ತಂತಿಗಳ ಗುಚಿನ್ ವಾದ್ಯವನ್ನು ಕುರಿತು ರಸಜ್ಞರು ಬರೆದುದನ್ನು ಓದುತ್ತ ಹೋದಂತೆ, ಅದರ ಲೇಪದ ಮೇಲೆ ಕಾಲವು ಮೂಡಿಸುವ ಬಿರುಕುಗಳಿಗೆ ಸಂದಿರುವ ಸ್ತುತಿಯ ಶತಾಂಶವೂ ಆ ಲೇಪವನ್ನು ಸಾಣೆಯಿಂದ ಸಮಗೊಳಿಸಿದ ಕೈಗೆ ಸಂದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹಾವಿನ ಹೊಟ್ಟೆ, ದನದ ರೋಮ, ಪ್ಲಮ್ ಹೂವು ಎಂದು ಬಿರುಕಿನ ಬಗೆಬಗೆಗೂ ಹೆಸರುಂಟು. 13ನೆಯ ಶತಮಾನದ ಝಾವ್ ಶೀಗು, ಐನೂರು ವರ್ಷ ಕಳೆಯದ ವಾದ್ಯದಲ್ಲಿ ಅವು ಮೂಡವೆಂದು ಹೇಳಿ, ಅವನ್ನೇ ಪ್ರಾಚೀನತೆಯ ಸಾಕ್ಷ್ಯವೆಂದು ಸ್ಥಾಪಿಸಿದನು. ಈ ಕೀರ್ತಿ ಅತಿಯಾಯಿತೆಂದೂ, ವಾದ್ಯವನ್ನು ವಾದ್ಯವಾಗಿಸುವ ಶಿಲ್ಪ ಸಾಣೆಕಲ್ಲಿನ ಕೆಲಸದಲ್ಲಿದೆಯೆಂದೂ ನನ್ನ ಮತ.

ಈ ಲೇಪ ನಮ್ಮ ಚನ್ನಪಟ್ಟಣದ ಗೊಂಬೆಗಳ ಅರಗಲ್ಲ. ಮರದ ತೊಗಟೆಯನ್ನು ಕಚ್ಚುಮಾಡಿ ಇಳಿಸಿಕೊಂಡ ರಸ. ಅದನ್ನು ಜಿಂಕೆಯ ಕೊಂಬಿನ ಪುಡಿಯೊಡನೆ ಕಲಸಿ, ಮೊದಲು ತರಿಯಾಗಿಯೂ ಅನಂತರ ನುಣುಪಾಗಿಯೂ ಪದರ ಪದರವಾಗಿ ಬಳಿದು, ಒಣಹವೆಯಲ್ಲಿ ಗಟ್ಟಿಯಾಗದ ಅದನ್ನು ತೇವದ ಗಾಳಿಯಲ್ಲಿಟ್ಟು ಹದಗೊಳಿಸಿ, ನೀರು ಹನಿಸುತ್ತ ಸಾಣೆಕಲ್ಲಿನಿಂದ ಉಜ್ಜುವರು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಹಿತ್ತಾಳೆಯ ಮೆಟ್ಟಿಲುಗಳು ಮಾಡುವ ಕಾರ್ಯವನ್ನು ಇಲ್ಲಿ ಲೇಪವೊಂದೇ ನಿರ್ವಹಿಸಬೇಕು. ವಾದ್ಯದ ಮೈಮೇಲಿನ ಹದಿಮೂರು ಬಿಂದುಗಳು ಸ್ವರಸ್ಥಾನವನ್ನು ತೋರಿಸುತ್ತವೆಯೇ ಹೊರತು ತಂತಿಗೆ ಆಸರೆಯಾಗವು. ಬಲತುದಿಯ ಕುದುರೆಯ ಬಳಿ ತಂತಿಯ ಕೆಳಗೆ ಒಂದು ಬೆರಳು, ಎಡತುದಿಯಲ್ಲಿ ಒಂದು ಕಾಗದ ತೂರುವಷ್ಟು ಎಡೆ, ಎಂಬುದು ಪರಂಪರೆಯ ಅಳತೆ.

ಸಾಣೆಯವನ ವಿವೇಕಕ್ಕೆ ಪರೀಕ್ಷೆ ಒದಗುವುದು ಇಲ್ಲಿಯೇ. ಎಡಗೈ ತಂತಿಯನ್ನೊತ್ತಿ ಬಲಗೈ ಮೀಟಿದಾಗ, ಒತ್ತಿದೆಡೆಯಿಂದ ಕುದುರೆಯವರೆಗಿನ ಭಾಗ ಮಾತ್ರ ಕಂಪಿಸುತ್ತದೆ. ಆ ದಾರಿಯಲ್ಲಿ ಲೇಪ ಕೂದಲೆಳೆಯಷ್ಟು ಎದ್ದಿದ್ದರೂ ತಂತಿ ತಗುಲಿ ಜರ್ರೆನ್ನುತ್ತದೆ. ಅವಸರದವನು ತಂತಿ ತಗುಲಿದ ಉಬ್ಬನ್ನೇ ಉಜ್ಜುತ್ತಾನೆ. ಆದರೆ ದೋಷ ಅನೇಕವೇಳೆ ಬೆರಳಿನ ಕೆಳಗಿನ ತಗ್ಗಿನಲ್ಲಿರುತ್ತದೆ. ಆ ತಗ್ಗಿನಿಂದಾಗಿಯೇ ಪಕ್ಕದ ನಿರ್ದೋಷಿ ನೆಲ ಉಬ್ಬಾಗಿ ತೋರುತ್ತದೆ. ಅದನ್ನು ತಗ್ಗಿಸಿದೊಡನೆ ಅದೇ ಹೊಸ ತಗ್ಗಾಗಿ, ಅಪಸ್ವರ ಬಲಕ್ಕೆ ಸರಿದು, ಮತ್ತೆ ಉಜ್ಜಿಸಿಕೊಂಡು, ಕೊನೆಗೆ ಲೇಪ ಸವೆದು ಮರ ಇಣುಕುತ್ತದೆ. ಬಲ್ಲವನು ಕಲ್ಲನ್ನು ಕೆಳಗಿಟ್ಟು, ತಗ್ಗಿಗೆ ಕೊಂಬಿನ ಪುಡಿಯ ಲೇಪ ತುಂಬಿ, ಅದು ಗಟ್ಟಿಯಾಗುವವರೆಗೂ ಕಾದು, ಅನಂತರ ಉಜ್ಜುವನು. ಎಲ್ಲಿ ಉಜ್ಜಬಾರದೆಂಬ ಈ ತೀರ್ಮಾನಕ್ಕೆ ಕಣ್ಣು ಸಾಲದು, ಕಿವಿ ಬೇಕು.

ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ, ತಾಂಗ್ ಯುಗದ ಲೇ ಮನೆತನದ್ದೆಂದು ಪ್ರಸಿದ್ಧವಾದ 'ಜ್ಯೂಶಿಯಾವ್ ಹುವಾನ್‌ಪೇ'ಯಂಥ ವಾದ್ಯದ ಬಿರುಕುಗಳು ರಮಣೀಯವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಝಾವ್ ಶೀಗು ಕತ್ತಿಯ ಅಲಗಿನಂಥ ಅಂಚನ್ನೇ ನಿಜವಾದ ಬಿರುಕಿನ ಲಕ್ಷಣವೆಂದನಲ್ಲ, ಆ ಅಂಚು ತಂತಿಯ ಕೆಳಗೆ ಎದ್ದು ನಿಂತರೆ ವಾದಕನ ಗತಿಯೇನು? ಬೆಂಕಿಗೆ ಕಾಯಿಸಿ ಹಿಮ ಹೊದಿಸಿ ಕೃತಕ ಬಿರುಕು ಮೂಡಿಸುವವರನ್ನು ಅವನೇ ಬಲ್ಲನು. ಬಿರುಕನ್ನು ನಕಲು ಮಾಡಬಹುದು; ಸಮತಲವನ್ನು ನಕಲು ಮಾಡಲಾಗದು, ಮೀಟಿದ ಕ್ಷಣವೇ ಅದು ತನ್ನ ಸತ್ಯವನ್ನು ಹೇಳಿಬಿಡುತ್ತದೆ. 1940ರಲ್ಲಿ ಗುಚಿನ್ ವಾದ್ಯವನ್ನು ಕುರಿತು ಪಾಂಡಿತ್ಯಪೂರ್ಣ ಗ್ರಂಥ ರಚಿಸಿದ ರಾಬರ್ಟ್ ವಾನ್ ಗುಲಿಕನ ಉಪಕಾರ ದೊಡ್ಡದು. ಆದರೂ ಅವನ ಒಲವು ವಾದ್ಯವನ್ನು ಸುತ್ತುವರಿದ ತತ್ತ್ವದ ಕಡೆಗೆ, ಮತ್ತು ಅವನ ಹಿಂದೆ ನಡೆದವರು ತತ್ತ್ವವನ್ನು ಹಿಡಿದು ಕೈಕೆಲಸವನ್ನು ಕೈಬಿಟ್ಟರು. ಹಳೆಯ ಲೇಪವನ್ನು ಮುಟ್ಟುವುದೇ ಅಪಚಾರವೆನ್ನುವ ಸಂಗ್ರಾಹಕರಿಗೆ ನನ್ನ ಉತ್ತರವಿಷ್ಟೆ: ಶತಮಾನಗಳುದ್ದಕ್ಕೂ ವಾದಕರು ತಮ್ಮ ವಾದ್ಯಗಳಿಗೆ ಮರಳಿ ಲೇಪ ಬಳಿಸಿ ಸಾಣೆ ಹಿಡಿಸಿದುದರಿಂದಲೇ ಅವು ಇಂದಿಗೂ ನುಡಿಯುತ್ತಿವೆ.

1977ರಲ್ಲಿ ವಾಯೇಜರ್ ನೌಕೆಯೊಡನೆ ಆಕಾಶಕ್ಕೇರಿದ ಗುಚಿನ್ ವಾದಕ ಗುಆನ್ ಪಿಂಗ್‌ಹುವಿನ ಧ್ವನಿಮುದ್ರಿತ ವಾದನದಲ್ಲಿ ಎಡಗೈಯ ಜಾರುಗಳು ಎಲ್ಲಿಯೂ ತೊಡರದೆ ಹರಿಯುತ್ತವೆ. ಅದನ್ನು ಹೊಗಳುವ ವಿಮರ್ಶಕನು ವಾದಕನ ಬೆರಳಿಗೆ ಸಲ್ಲಿಸುವ ಗೌರವದಲ್ಲಿ ಒಂದು ಪಾಲನ್ನು ಸಾಣೆಯವನಿಗೂ ಸಲ್ಲಿಸಬೇಕು. ಇನ್ನು ಮುಂದೆ ಯಾವ ಗುಚಿನ್ನಿನ ಯೋಗ್ಯತೆಯನ್ನು ನಿರ್ಣಯಿಸುವಾಗಲೂ ಬಿರುಕನ್ನು ಎಣಿಸುವ ಮೊದಲು ಏಳು ತಂತಿಗಳನ್ನೂ ತುದಿಯಿಂದ ತುದಿಯವರೆಗೆ ಒತ್ತಿ ಮೀಟಿ ನೋಡಬೇಕು.